ಏಳು ಹೆಸರು

"ನಿಮಗೇನಾದ್ರೂ ಆದ್ರೆ ಈ ದುಡ್ಡು ಯಾರದು?"

ನನ್ನ ಹೆಂಡತಿ ಹೀಗೆ ಕೇಳಿದಾಗ ನಾನು ಬ್ಯಾಂಕಿನ ಆ್ಯಪ್‌ನಲ್ಲಿ ನಾಮಿನಿ ಹೆಸರು ಸರಿಮಾಡ್ತಾ ಕೂತಿದ್ದೆ. ಖಾತೆಯಲ್ಲಿ 2 ಲಕ್ಷದ 14 ಸಾವಿರ ಇತ್ತು. ಅದರಲ್ಲಿ ನನ್ನದು ಅಂತ ಇದ್ದದ್ದು ಹೆಚ್ಚೆಂದರೆ 30 ಸಾವಿರ. ಉಳಿದದ್ದೆಲ್ಲ ಸರ್ಜಾಪುರ ರಸ್ತೆ ಕಡೆ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗಾಗಿ ನಾವು ಐದು ಜನ ಗೆಳೆಯರು ನಡೆಸೋ ಸಂಜೆ ಪಾಠಕ್ಕೆ ಜನ ಕೊಟ್ಟದ್ದು. ಒಂದು ಬಾಡಿಗೆ ರೂಮು, ಇಬ್ಬರು ಟೀಚರ್, ನಲವತ್ತು ಚಿಲ್ಲರೆ ಮಕ್ಕಳು. ಯುಪಿಐ ನಂಬರ್ ನಂದು, ಯಾಕಂದ್ರೆ ಮೊದಲ ದಿನ ಫೋನ್ ತೆಗೆದವನು ನಾನು. ಅಷ್ಟೇ ಕಾರಣ.

ನಾನು ಸತ್ತರೆ ಆ ದುಡ್ಡು ಹೆಂಡತಿಯ ಕೈಗೆ ಹೋಗುತ್ತೆ. ಅವಳು ಒಳ್ಳೆಯವಳು, ವಾಪಸ್ ಕೊಡ್ತಾಳೆ. ಆದರೆ ಒಂದು ಕೆಲಸ ಎರಡೂವರೆ ವರ್ಷ ನನ್ನ ಒಳ್ಳೆಯತನದ ಮೇಲೆ, ನಾನಿಲ್ಲದಿದ್ದರೆ ನನ್ನ ಹೆಂಡತಿಯ ಒಳ್ಳೆಯತನದ ಮೇಲೆ ನಿಂತಿತ್ತಲ್ಲ, ಅದು ಆ ರಾತ್ರಿ ಸ್ವಲ್ಪ ಅಸಹ್ಯ ಅನ್ನಿಸ್ತು.

ಸರಿ, ರಿಜಿಸ್ಟರ್ ಮಾಡಿಸೋಣ ಅಂತ ಆಯ್ತು. ಗೊತ್ತಿರೋ ಸಿಎ ಒಬ್ಬರ ಹತ್ತಿರ ಹೋದ್ವಿ. ಅವರು ಹತ್ತೇ ನಿಮಿಷದಲ್ಲಿ ಮೂರು ದಾರಿ ಹೇಳಿದರು. ಟ್ರಸ್ಟ್, ಸೊಸೈಟಿ, ಸೆಕ್ಷನ್ 8 ಕಂಪನಿ. ಹೇಳಿ ಮುಗಿಸಿದ ಮೇಲೆ, ಡಾಕ್ಟರು ಚೀಟಿ ಬರೆಯೋ ಹಾಗೆ, "ಟ್ರಸ್ಟ್ ಮಾಡ್ಬಿಡಿ ಸರ್. ಎಲ್ಲಾ ನಿಮ್ಮ ಕೈಲೇ ಇರುತ್ತೆ" ಅಂದರು.

ಆ ಕೊನೇ ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಅಂದರೆ, ಅದಕ್ಕೇ ಆಮೇಲೆ ಅನುಮಾನ ಬಂತು.

ಈ ಮೂರರ ಬಗ್ಗೆ ಹುಡುಕಿದರೆ ಖರ್ಚೆಷ್ಟು, ಎಷ್ಟು ದಿನ, ಎಷ್ಟು ಫಾರ್ಮ್ ಅಂತ ಕೋಷ್ಟಕ ಹಾಕಿರೋ ಲೇಖನಗಳು ಬೇಕಾದಷ್ಟು ಸಿಗ್ತವೆ. ನನಗೆ ಬೇಕಾಗಿದ್ದ ಸಾಲು ಆ ಕೋಷ್ಟಕಗಳಲ್ಲಿ ಇರಲಿಲ್ಲ: ನಾನು ದಾರಿ ತಪ್ಪಿದರೆ ನನ್ನನ್ನು ಹೊರಹಾಕೋ ಹಕ್ಕು ಯಾರಿಗೆ? ಈ ಪ್ರಶ್ನೆ ಇಟ್ಕೊಂಡು ಓದಿದರೆ ಮೂರೂ ಬೇರೆಬೇರೆ ಕಾಣ್ತವೆ.

ಸೊಸೈಟಿಯಲ್ಲಿ ಉತ್ತರ ನೇರವಾಗಿದೆ: ಸದಸ್ಯರಿಗೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರದ್ದು, ಕನಿಷ್ಠ ಏಳು ಜನ ಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕ, ಚುನಾವಣೆ. ಸಂಘ ಕಟ್ಟಿದವನನ್ನೇ ಮುಂದಿನ ವರ್ಷ ಓಟು ಹಾಕಿ ಇಳಿಸಬಹುದು. ಗಲಾಟೆ ಮಿತಿಮೀರಿದರೆ ಸರ್ಕಾರದ ಆಡಳಿತಾಧಿಕಾರಿ ಬಂದು ಕೂರೋದೂ ಉಂಟು. ಸೆಕ್ಷನ್ 8 ಕಂಪನಿಗೆ ಇಬ್ಬರಿದ್ದರೂ ಸಾಕು, ಲಾಭ ಹಂಚಿಕೊಳ್ಳೋ ಹಾಗಿಲ್ಲ, ಪ್ರತಿ ವರ್ಷ ಕಂಪನಿ ರಿಜಿಸ್ಟ್ರಾರ್‌ಗೆ ಲೆಕ್ಕ ಒಪ್ಪಿಸಬೇಕು, ಅದನ್ನು ಯಾರು ಬೇಕಾದರೂ ಒಂದಿಷ್ಟು ಶುಲ್ಕ ಕಟ್ಟಿ ನೋಡಬಹುದು. ನಲವತ್ತು ಮಕ್ಕಳ ಪಾಠಕ್ಕೆ ಅಷ್ಟು ಭಾರ ನಮ್ಮಿಂದ ಹೊರೋಕಾಗಲ್ಲ ಅಂತ ಅದನ್ನ ಬೇಗ ಬಿಟ್ವಿ.

ಟ್ರಸ್ಟ್ ವಿಚಿತ್ರ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್‌ಗಳನ್ನು ನೋಡಿಕೊಳ್ಳೋಕೆ 1950ರ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಇದಾರೆ. ನಮ್ಮಲ್ಲಿ ಅಂಥವರಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ ಆದರೆ ಆಯ್ತು, ಒಳಗೆ ಏನು ಬರೆದಿದೀರೋ ಬಹುಮಟ್ಟಿಗೆ ಅದೇ ಸಂವಿಧಾನ. ಹಾಗಂತ ಟ್ರಸ್ಟಿಯನ್ನು ಕೇಳೋರೇ ಇಲ್ಲ ಅಂತಲ್ಲ. ತೆರಿಗೆ ವಿನಾಯಿತಿ ತಗೊಂಡ ಮೇಲೆ ಆದಾಯ ತೆರಿಗೆಯವರು ಕೇಳ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಪ್ರಕಾರ, ಟ್ರಸ್ಟ್‌ನಲ್ಲಿ ಹಿತಾಸಕ್ತಿ ಇರೋ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು, ಈ ಟ್ರಸ್ಟಿಯನ್ನು ತೆಗೀರಿ ಅಂತ ದಾವೆ ಹೂಡಬಹುದು. ಆದರೆ ಗಾರೆ ಕೆಲಸದ ಒಬ್ಬ ತಂದೆ ದಿನಗೂಲಿ ಬಿಟ್ಟು, ವಕೀಲರನ್ನ ಹಿಡಿದು, ನನ್ನ ಮೇಲೆ ದಾವೆ ಹಾಕ್ತಾನೆ ಅಂತ ನೀವು ನಂಬ್ತೀರಾ? ನಾನಂತೂ ನಂಬಲ್ಲ. ನಮ್ಮ ಸಿಎ ಹೇಳಿದ 'ನಿಮ್ಮ ಕೈಲೇ ಇರುತ್ತೆ' ಅಂದ್ರೆ ಇದೇ.

ನಮ್ಮಲ್ಲೊಬ್ಬಳು ಮಾತ್ರ ಸೊಸೈಟಿನೇ ಸರಿ ಅಂತ ಪಟ್ಟು ಹಿಡಿದಳು. ಒಂದು ಶನಿವಾರ ಕಾಫಿ ಮುಂದಿಟ್ಕೊಂಡು, "ಏಳು ಹೆಸರು ಬರೀರೋ, ನೋಡೋಣ" ಅಂದಳು.

ಐದು ಸುಲಭ, ನಾವೇ. ಆರನೆಯದು ನನ್ನ ಹೆಂಡತಿ. ಏಳನೆಯದು ಇನ್ನೊಬ್ಬನ ಭಾವಮೈದುನ, ಈ ಊರಲ್ಲಿ ಇದಾನೆ, ಸಹಿ ಹಾಕ್ತಾನೆ, ತೊಂದರೆ ಕೊಡಲ್ಲ. ಅವಳು ಪಟ್ಟಿ ನೋಡಿ ಕೇಳಿದಳು, "ಟೀಚರ್ ಹೆಸರು ಎಲ್ಲಿ? ಒಬ್ಬ ಅಪ್ಪ ಅಮ್ಮನ ಹೆಸರಾದ್ರೂ? ಈ ಭಾವಮೈದುನ ಆ ರೂಮಿನ ಬಾಗಿಲನ್ನಾದ್ರೂ ನೋಡಿದಾನೇನೋ?"

ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ, "ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್ ನೋಡಿಲ್ವಾ? ಓಟು ಅಂತ ಬಂದ್ರೆ ರಾಜಕೀಯ ಬರುತ್ತೆ" ಅಂತ ಏನೋ ತೊದಲಿದೆ. ನಮ್ಮಂಥ ಓದಿದವರು ದೇಶಕ್ಕೆ ಪ್ರಜಾಪ್ರಭುತ್ವ ಬೇಕು ಅಂತೀವಿ. ನಾವೇ ಶುರುಮಾಡಿದ ಒಂದು ರೂಮಿಗೆ ಮಾತ್ರ ಬೇಡ. ಆ ಮಕ್ಕಳಿಗೆ ಓದು ಕಲಿಸಬಹುದು ಅಂತ ನಂಬಿದ್ದ ನನಗೆ, ಅವರ ಅಮ್ಮಂದಿರ ಕೈಗೆ ಒಂದು ಓಟು ಕೊಡೋವಷ್ಟು ನಂಬಿಕೆ ಇರಲಿಲ್ಲ.

ಮಾರನೇ ಭಾನುವಾರ ಇಬ್ಬರು ತಾಯಂದಿರನ್ನ ಕೇಳಿದ್ವಿ. ಯಾದಗಿರಿ ಕಡೆಯ ಒಬ್ಬರು ನಕ್ಕುಬಿಟ್ಟರು. "ಬರೂ ವರ್ಷ ನಾವ್ ಎಲ್ಲಿರ್ತೀವೋ ಏನೋ ರೀ ಸರ. ಬಿಲ್ಡಿಂಗ್ ಮುಗೀತಂದ್ರ ಮುಗೀತು. ನೀವ ಮಾಡ್ಕೋರಿ." ನನ್ನೊಳಗಿನ ವಕೀಲನಿಗೆ ಖುಷಿ ಆಯ್ತು. ನೋಡಿ, ಅವರೇ ಬೇಡ ಅಂದ್ರು! ಆದರೆ ಆಕೆ ಹೇಳಿದ್ದು ಎಲ್ಲಿರ್ತೀವೋ ಗೊತ್ತಿಲ್ಲ ಅಂತ. ಓಟು ಬೇಡ ಅಂತಲ್ಲ. ಆದರೂ ಆ ಕಷ್ಟ ನಿಜವೇ. ಆರು ತಿಂಗಳಿಗೊಮ್ಮೆ ಅರ್ಧ ಸದಸ್ಯರು ಬೇರೆ ಸೈಟಿಗೆ ಹೋದರೆ ಸಭೆಗೆ ಕೋರಂ ಎಲ್ಲಿಂದ ತರೋದು? ಉಳಿಯೋದು ಮತ್ತೆ ನಾವೇ, ಭಾವಮೈದುನನ ಸಮೇತ. ಕಾಗದದ ಮೇಲೆ ಸಂಘ, ಒಳಗೆ ಐದು ಜನರ ಮನೆ ವ್ಯವಹಾರ.

ಹಾಗಾಗಿ ತಿರುಗಿ ಟ್ರಸ್ಟ್‌ಗೇ ಬಂದ್ವಿ. ಪತ್ರ ಬರಹಗಾರರು ಒಂದು ರೆಡಿ ಡೀಡ್ ಕಳಿಸಿದರು, ಹೆಸರಿನ ಜಾಗದಲ್ಲಿ ಚುಕ್ಕಿ ಚುಕ್ಕಿ. ಓದ್ತಾ ಹೋದೆ. ಮ್ಯಾನೇಜಿಂಗ್ ಟ್ರಸ್ಟಿ ಜೀವಾವಧಿ ಆ ಸ್ಥಾನದಲ್ಲಿ ಇರತಕ್ಕದ್ದು, ಅವರ ಕಾಲಾನಂತರ ಅವರ ಕಾನೂನುಬದ್ಧ ವಾರಸುದಾರರು ಅಂತ ಒಂದು ಸಾಲು. ನನ್ನ ಮಗಳಿಗೆ ಆರು ವರ್ಷ. ಯಾರದೋ ಮಕ್ಕಳ ಪಾಠದ ರೂಮು ಅವಳಿಗೆ ಪಿತ್ರಾರ್ಜಿತ ಆಗುತ್ತೆ. ಡೀಡಿಗೆ ಸಹಿ ಬಿದ್ದರೆ ಅದು ನನ್ನ ಲೋಭ ಅಂತಲೂ ಕಾಣಲ್ಲ, ಸ್ಟಾಂಡರ್ಡ್ ಫಾರ್ಮ್ಯಾಟ್ ಅಷ್ಟೇ.

1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ ಸಂಬಂಧಿಸಿದ್ದು, ನಮಗೆ ನೇರವಾಗಿ ಅನ್ವಯಿಸಲ್ಲ. ಆದರೆ ಅದರ ವ್ಯಾಖ್ಯೆ ಓದಿ ನಾನು ತಡೆದು ನಿಂತೆ. ಅಲ್ಲಿ ಟ್ರಸ್ಟ್ ಅಂದ್ರೆ ಸಂಸ್ಥೆ ಅಲ್ಲ. ಆಸ್ತಿಯ ಒಡೆತನಕ್ಕೆ ಅಂಟಿಕೊಂಡ ಒಂದು ಹೊಣೆ. ಯಾರೋ ನಂಬಿ ಕೊಟ್ಟದ್ದು, ಇನ್ಯಾರದೋ ಒಳಿತಿಗೆ. ನಮ್ಮ ಹಳೇ ದತ್ತಿ ಶಾಸನಗಳಿಗೂ ಇದು ಗೊತ್ತಿತ್ತು. ಎಷ್ಟು ಭೂಮಿ, ಎಲ್ಲೆ ಯಾವುದು, ಸಾಕ್ಷಿ ಯಾರು ಅಂತ ಬರೆದಾದ ಮೇಲೆ ಎಷ್ಟೋ ಶಾಸನಗಳ ಕೊನೆಗೆ ಶಾಪ ಬರುತ್ತೆ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟು. ಆ ಶಾಪ ಬರೀ ಪರರ ದತ್ತಿ ಕಿತ್ತುಕೊಂಡವನಿಗಲ್ಲ, ತಾನೇ ಕೊಟ್ಟದ್ದನ್ನು ವಾಪಸ್ ಕಿತ್ತುಕೊಂಡವನಿಗೂ ತಟ್ಟುತ್ತೆ. ಕೊಟ್ಟವನೇ ದೊಡ್ಡ ಅಪಾಯ ಅಂತ ಆಗಲೇ ಗೊತ್ತಿತ್ತು.

ನಾವು ಶಾಪ ಹಾಕಲಿಲ್ಲ, ಕಲಮು ಹಾಕಿದ್ವಿ. ಯಾವ ಟ್ರಸ್ಟಿಗೂ ನಾಲ್ಕು ವರ್ಷದ ಅವಧಿ, ಸತತ ಎರಡೇ ಸಲ. ಒಂದೇ ಮನೆಯ ಇಬ್ಬರು ಇರೋ ಹಾಗಿಲ್ಲ. ಏಳರಲ್ಲಿ ಎರಡು ಜಾಗ ಆ ವರ್ಷ ಓದ್ತಿರೋ ಮಕ್ಕಳ ತಂದೆ ತಾಯಿಗೆ, ಅವರು ಊರು ಬಿಟ್ಟರೆ ಇನ್ನೊಬ್ಬರು. ಐದು ಜನ ಒಪ್ಪಿದರೆ ಯಾರನ್ನೂ ತೆಗೀಬಹುದು, ಸ್ಥಾಪಕರನ್ನೂ. ಮುಚ್ಚಿದರೆ ಉಳಿದ ದುಡ್ಡು ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ. ಪತ್ರ ಬರಹಗಾರರು ಕನ್ನಡಕ ತೆಗೆದು ನೋಡಿದರು. "ಇಂಥದ್ದು ಯಾರೂ ಹಾಕಲ್ಲ ಸರ್. ಆಮೇಲೆ ನಿಮ್ಮನ್ನೇ ತೆಗೆದ್ರೆ?"

ಟೀಚರ್‌ಗಳಿಗೆ ಜಾಗ ಕೊಡಲಿಲ್ಲ. ಸಂಬಳ ತಗೊಳ್ಳೋರು ಟ್ರಸ್ಟಿಯಾದರೆ ತೆರಿಗೆಯವರಿಗೆ ಪ್ರತಿ ವರ್ಷ ಅದು ನ್ಯಾಯವಾದ ಸಂಬಳವೇ ಅಂತ ವಿವರಿಸಬೇಕಾಗುತ್ತೆ ಅಂತ ಸಿಎ ಹೆದರಿಸಿದರು. ವಿವರಿಸಬಹುದಿತ್ತು. ನಮಗೆ ಸುಸ್ತಾಗಿತ್ತು. ಇಡೀ ವಾರ ಆ ಮಕ್ಕಳ ಜೊತೆ ಇರೋ ಇಬ್ಬರಿಗೆ ಇವತ್ತಿಗೂ ಓಟಿಲ್ಲ, ಭಾನುವಾರ ಬಂದುಹೋಗೋ ನಮಗಿದೆ. ಆ ಗೆಳತಿ ಇದನ್ನ ಈಗಲೂ ಎತ್ತಿ ಆಡ್ತಾಳೆ, ನನ್ನ ಹತ್ತಿರ ಉತ್ತರ ಇಲ್ಲ.

ನೋಂದಣಿ ದಿನ ಯಾದಗಿರಿಯ ಆ ತಾಯಿಯೂ ಬಂದರು. ಅರ್ಧ ದಿನದ ಕೂಲಿ ಹೋಯ್ತು, ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಕ್ಯಾಮೆರಾ ಮುಂದೆ ಕೂತು ಹೆಬ್ಬೆಟ್ಟು ಒತ್ತಿ, ಹೊರಗೆ ಬಂದು ಕೇಳಿದ ಮೊದಲ ಮಾತು: "ಹಂಗಾದ್ರ ರೂಮಿನ ಬಾಡಿಗಿ ಎಷ್ಟು ಕೊಡ್ತೀರಿ ಸರ?" ಹೇಳಿದೆ. "ಭಾಳ ಆತ್ರಿ. ಹಿಂದಿನ ಓಣ್ಯಾಗ ಕಡಿಮಿಗಿ ಸಿಗ್ತದ." ಎರಡೂವರೆ ವರ್ಷದಲ್ಲಿ ನಮ್ಮ ಲೆಕ್ಕವನ್ನ ಯಾರಾದರೂ ಪ್ರಶ್ನಿಸಿದ್ದು ಅದೇ ಮೊದಲು. ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಹೇಳಲ್ಲ.

ಮುಂದಿನ ತಿಂಗಳು ರೂಮು ಬದಲಾಯ್ತು.