ಕಾಂಡ್ಲಾವನಕ್ಕೆ ಬಿಡಬೇಕಾದ ನೆಲ

ಅಘನಾಶಿನಿಯು ಕಡಲನ್ನು ಸೇರುವ ಕುಮಟಾ ಸೀಮೆಯಲ್ಲಿ, ಉಪ್ಪುನೀರಿನ ಕೆಸರಿನೊಳಗೆ ಬೇರೂರಿ ನಿಂತಿರುವ ಕಾಂಡ್ಲಾವನಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅವು ತೆರೆಯ ಬಿರುಸನ್ನು ತಗ್ಗಿಸುವುವು. ಮೀನಿನ ಮರಿಗಳಿಗೆ ಆಶ್ರಯವೀಯುವುವು. ಹೊಳೆಯು ತಂದ ಮಣ್ಣನ್ನು ಬೇರುಗಳಲ್ಲಿ ಹಿಡಿದು ತಮ್ಮ ನೆಲವನ್ನು ತಾವೇ ಮೆಲ್ಲನೆ ಎತ್ತರಿಸಿಕೊಳ್ಳುವುವು. ಕಡಲಿನ ಏರಿಕೆಯು ಈ ಮಣ್ಣಿನ ಏರಿಕೆಯನ್ನು ಮೀರಿತೆಂದರೆ ವನವು ಒಳನಾಡಿನತ್ತ ಸರಿಯಬೇಕಾಗುವುದು. ಆಗ ಹಿಂದೆ ಕಟ್ಟೆಯೋ ರಸ್ತೆಯೋ ಅಡ್ಡವಾಗಿದ್ದರೆ ಅದು ನಿಂತಲ್ಲಿಯೇ ಮುಳುಗುವುದು.

1901ರಿಂದ 2018ರವರೆಗೆ ಲೋಕದ ಸಮುದ್ರಮಟ್ಟವು ಸುಮಾರು 20 ಸೆಂಟಿಮೀಟರು ಏರಿತೆಂದು ವಿಜ್ಞಾನಿಗಳ ಗಣನೆ. ಏರಿಕೆಯ ವೇಗವೂ ಹೆಚ್ಚುತ್ತಿರುವುದು. ದಂಡೆಗೆ ಕಲ್ಲು ಸುರಿಯಿರೆಂಬುದು ಸುಲಭವಾದ ಉತ್ತರ. ಆದರೆ ಕಲ್ಲಿನ ಗೋಡೆಯು ಒಬ್ಬನ ಮನೆಯನ್ನು ಕಾಯುತ್ತ, ತಾನು ಮುಗಿದೆಡೆಯಲ್ಲಿ ನೆರೆಯವನ ದಂಡೆಯ ಕೊರೆತವನ್ನು ಹೆಚ್ಚಿಸುವುದುಂಟು. ಇದನ್ನು ರಕ್ಷಣೆಯೆನ್ನಬೇಕೋ, ಕಷ್ಟವನ್ನು ಪಕ್ಕದ ಮನೆಗೆ ದಾಟಿಸುವುದೆನ್ನಬೇಕೋ?

ವನಕ್ಕೆ ಎಡೆ ಬಿಡೋಣವೆಂದರೆ, ಆ ಎಡೆಯು ಬರಿದಾಗಿಲ್ಲ. ಅಲ್ಲಿ ಗಜನಿ ಗದ್ದೆಗಳಿವೆ. ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ತಲೆಮಾರುಗಳಿಂದ ಬೆಳೆದ ಒಕ್ಕಲುಗಳಿವೆ. ಇನ್ನೂ ಹುಟ್ಟದವರ ಹೆಸರಿನಲ್ಲಿ ಅವರಿಗೆ ತ್ಯಾಗವನ್ನು ಬೋಧಿಸಲು ಹೊರಟವರ ಮನೆಗಳು (ನನ್ನದೂ ಸೇರಿ) ಸಾಮಾನ್ಯವಾಗಿ ಎತ್ತರದಲ್ಲಿರುವುವು! ಹುಟ್ಟಲಿರುವವರ ಹಕ್ಕನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಗದ್ದೆಯನ್ನು ಬಿಡುವವನ ಸಮ್ಮತಿಯನ್ನು ಮೊದಲು ಕೇಳತಕ್ಕದ್ದು. ಅವನ ನಷ್ಟದಲ್ಲಿ ಘಟ್ಟದ ಮೇಲಿನವರೂ ಪಾಲು ಹೊರತಕ್ಕದ್ದು. ಕಡಲು ಏರುತ್ತಿರುವುದು ಅವನೊಬ್ಬನ ಒಲೆಯ ಹೊಗೆಯಿಂದಲ್ಲವಷ್ಟೆ.