ಕೇಳಿಸದೆ ಹೋದ ನೀರು

ನಮ್ಮ ಗುರುಮನೆಯ ಕೆಳ ಅಂತಸ್ತಿನಲ್ಲಿ ಅತಿಥಿಗಳಿಗೆಂದು ಒಂದು ಶೌಚಾಲಯವಿದೆ. ಅದರ ಫ್ಲಶ್ ಟ್ಯಾಂಕಿನಿಂದ ಕಮೋಡಿನೊಳಕ್ಕೆ ನೂಲಿನಷ್ಟು ಸಪೂರವಾಗಿ ನೀರು ಸದಾ ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ಅದನ್ನು ಮೊದಲು ಗಮನಿಸಿ ನನಗೆ ತಿಳಿಸಿದರು. ‘ನೋಡೋಣ’ ಎಂದೆ. ಹದಿನೈದು ದಿನಗಳ ನಂತರ ಮತ್ತೆ ತಿಳಿಸಿದರು. ಆಗಲೂ ‘ನೋಡೋಣ’ ಎಂದೆ. ಮೊದಮೊದಲು ರಾತ್ರಿಯ ನಿಶ್ಶಬ್ದದಲ್ಲಿ ನನಗೂ ಆ ಸದ್ದು ಕೇಳಿಸುತ್ತಿತ್ತು. ಒಂದು ರಾತ್ರಿ ಎದ್ದು ಹೋಗಿ, ಟ್ಯಾಂಕಿಗೆ ನೀರು ಬಿಡುವ ಪುಟ್ಟ ನಲ್ಲಿಯನ್ನು ಅರ್ಧ ತಿರುಗಿಸಿದೆ. ಸದ್ದು ಅಡಗಿತು. ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಮಲಗಿದೆ. ನಾನು ನಿಲ್ಲಿಸಿದ್ದು ಸದ್ದನ್ನೇ ಹೊರತು ಸೋರಿಕೆಯನ್ನಲ್ಲ.

ಮೂರನೆಯ ಸಲ ಹೇಳಿದಾಗ ಆ ತಾಯಿ ಒಂದು ಮಾತು ಸೇರಿಸಿದರು: ‘ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬರೋದು, ಫಾದರ್.’ ಆ ಮಾತಿನಲ್ಲಿ ಆರೋಪವಿರಲಿಲ್ಲ. ಹವಾಮಾನದ ವಿಷಯ ಹೇಳುವಂತೆ ಹೇಳಿ ಒಳಗೆ ಹೋದರು.

ಅಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಅದರ ರಚನೆ ಸರಳವಾದುದು. ನೀರು ಒಳಬರುವ ಬಾಗಿಲನ್ನು ತೇಲುವ ಬುರುಡೆಯೊಂದು ಕಾಯುತ್ತದೆ. ನೀರು ಏರಿದಂತೆ ಬುರುಡೆಯೂ ಏರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಹೋಗುವ ಬಾಗಿಲನ್ನು ತಳದಲ್ಲಿ ಒಂದು ರಬ್ಬರ್ ಬಿಲ್ಲೆ ಮುಚ್ಚಿರುತ್ತದೆ. ಮಧ್ಯದಲ್ಲಿ ನಿಂತಿರುವ ಕೊಳವೆ, ನೀರು ಮಿತಿಮೀರಿದರೆ ಕಮೋಡಿಗೆ ಹರಿಸಿಬಿಡುತ್ತದೆ. ತಪ್ಪು ಎಲ್ಲಿದೆಯೆಂದು ತಿಳಿಯುವ ಉಪಾಯವೂ ಸುಲಭ. ಒಳಬರುವ ನಲ್ಲಿಯನ್ನು ಪೂರ್ತಿ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ಕಾಯಬೇಕು. ಕೊಳವೆಯ ಬಾಯಿಗೆ ಬಂದು ನೀರು ನಿಂತರೆ ದೋಷ ಬುರುಡೆಯದು. ಅದಕ್ಕಿಂತ ಕೆಳಗಿಳಿದರೆ ರಬ್ಬರ್ ಬಿಲ್ಲೆಯದು. ಒಂದು ಗಂಟೆಯ ನಂತರ ನೋಡಿದರೆ ಕೊಳವೆಯ ಬಾಯಿಗಿಂತ ಬಹಳ ಕೆಳಗೆ ಇಳಿದಿತ್ತು. ಲೀಟರಿನ ಅಳತೆಯಿಂದ ಸುರಿಯುತ್ತಾ ಬಂದೆ. ಗೆರೆ ಮುಟ್ಟಲು ಐದು ಅಳತೆ ಬೇಕಾಯಿತು. ದಿನಕ್ಕೆ 120 ಲೀಟರ್. ನಮ್ಮ ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಕಣ್ಣಿಗೆ ಕಾಣದ ಒಬ್ಬ ಅತಿಥಿ ಎರಡು ತಿಂಗಳು ನಮ್ಮ ಮನೆಯಲ್ಲಿ ವಾಸವಾಗಿದ್ದು, 7,200 ಲೀಟರ್ ಬಳಸಿ ಹೋಗಿದ್ದನು.

ಇಲ್ಲಿ ನನಗೊಂದು ಪ್ರಶ್ನೆ ಎದುರಾಯಿತು. ಇದು ತಪ್ಪೇ ಹೌದಾದರೆ, ನಾನು ತಪ್ಪು ಮಾಡಿದ್ದು ಯಾರಿಗೆ? ಕಳ್ಳತನಕ್ಕೆ ಕಳೆದುಕೊಂಡವನೊಬ್ಬನಿರುತ್ತಾನೆ. ಸುಳ್ಳಿಗೆ ಮೋಸಹೋದವನಿರುತ್ತಾನೆ. ಇಲ್ಲಿ ಯಾರೂ ಇಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ನಾನು ಮೊದಲ ದಿನವೇ ರಿಪೇರಿ ಮಾಡಿಸಿದ್ದರೂ ಆ ತಾಯಿಯ ಬೀದಿಗೆ ಒಂದು ಕೊಡ ನೀರು ಹೆಚ್ಚಾಗಿ ಬರುತ್ತಿರಲಿಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಕಲ್ಪಿತ ಪ್ರಸಂಗವಿದೆ. ಮರುಭೂಮಿಯಲ್ಲಿ ಗಾಯಗೊಂಡ ಅಸಂಖ್ಯ ಜನರು ಬಾಯಾರಿ ಬಿದ್ದಿದ್ದಾರೆ. ಇತ್ತ ಅಷ್ಟೇ ಮಂದಿಯ ಕೈಯಲ್ಲಿ ಅರ್ಧ ಲೀಟರಿನಷ್ಟು ನೀರಿದೆ. ಎಲ್ಲರೂ ಅದನ್ನು ಒಂದು ಬಂಡಿಗೆ ಸುರಿದರೆ ಅಲ್ಲಿ ಸಮವಾಗಿ ಹಂಚಲಾಗುತ್ತದೆ. ನನ್ನ ಪಾಲಿನಿಂದ ಪ್ರತಿಯೊಬ್ಬನಿಗೆ ಸಿಗುವುದು ಒಂದು ಹನಿ. ಅದು ಅವನಿಗೆ ತಿಳಿಯುವುದೂ ಇಲ್ಲ. ಹಾಗಾದರೆ ನಾನು ಸುರಿಯದಿದ್ದರೇನು? ಎಲ್ಲರೂ ಹಾಗೆಂದುಕೊಂಡರೆ ಬಂಡಿ ಬರಿದಾಗಿಯೇ ಹೋಗುತ್ತದೆ. ಒಬ್ಬನಿಗೂ ತಿಳಿಯದಷ್ಟು ಸಣ್ಣ ಹಾನಿ ಹಾನಿಯೇ ಅಲ್ಲ ಎಂಬ ಲೆಕ್ಕವೇ ತಪ್ಪು ಎಂಬುದು ಪಾರ್ಫಿಟ್ ಅವರ ವಾದ. ಬೆಂಗಳೂರಿನಲ್ಲಿ ಸೋರುವ ಟ್ಯಾಂಕು ನಮ್ಮದೊಂದೇ ಎಂದು ನಂಬುವಷ್ಟು ಮುಗ್ಧನು ನಾನಲ್ಲ.

ನನ್ನ ಮಿತ್ರರಾದ ಗುರುಗಳೊಬ್ಬರು ಇದಕ್ಕೆ ನಕ್ಕು, ‘ನೀರು ಎಲ್ಲಿಗೂ ಹೋಗುವುದಿಲ್ಲ’ ಎಂದರು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆದರೆ ಅದೇ ನೀರು ನಮ್ಮ ಟ್ಯಾಂಕಿಗೆ ಬಂದ ದಾರಿಯನ್ನೂ ನೆನೆಯಬೇಕಲ್ಲವೇ? ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ, ಹಗಲಿರುಳು ಯಂತ್ರಗಳು ಎತ್ತಿ ತಳ್ಳಿದ ಕಾವೇರಿಯದು. ನೀರು ಉಳಿಯಬಹುದು, ಅದನ್ನು ಎತ್ತಿದ ಶ್ರಮ ಮರಳುವುದಿಲ್ಲ. 2024ರ ಮಾರ್ಚಿನಲ್ಲಿ ಬರದ ಬಿಸಿ ತಟ್ಟಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಬೀದಿಯಲ್ಲಿ ಕಾರು ತೊಳೆಯುವವನು ಯಾರ ಕಣ್ಣಿಗೂ ಬೀಳುತ್ತಾನೆ. ಮುಚ್ಚಿದ ಬಾಗಿಲಿನ ಹಿಂದೆ ಸೋರುವುದನ್ನು ಮನೆಯವರಲ್ಲದೆ ಇನ್ಯಾರು ಕಂಡಾರು?

ಆದರೂ ನನ್ನನ್ನು ಕಾಡಿದ್ದು ಲೀಟರುಗಳ ಲೆಕ್ಕವಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಅಜ್ಞಾನದಿಂದಾದ ಲೋಪವೇ ಬೇರೆ, ತಿಳಿಯಬಾರದೆಂದು ತಾನೇ ತಂದುಕೊಂಡ ಅಜ್ಞಾನವೇ ಬೇರೆ ಎಂದು ಕಲಿತಿದ್ದೆ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ನಲ್ಲಿಯನ್ನು ಅರ್ಧ ತಿರುಗಿಸಿದ ಆ ರಾತ್ರಿ ಆ ಪಾಠದ ಉದಾಹರಣೆ ನಾನೇ ಆಗಿದ್ದೆ. ಸದ್ದು ನಿಂತ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎನ್ನಲು ದಾರಿಯಾಯಿತು. ಪಾಪನಿವೇದನೆಗೆ ಮೊಣಕಾಲೂರಿದಾಗ ನನ್ನ ಕೋಪವನ್ನು, ಅಸಹನೆಯನ್ನು ಹೇಳಿಕೊಂಡಿದ್ದೇನೆ. ‘ನೋಡೋಣ’ ಎಂಬ ಮಾತನ್ನು ಎಂದೂ ಹೇಳಿಕೊಂಡಿರಲಿಲ್ಲ.

ರಿಪೇರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೊಳವೆಬಾವಿಯ ಗಡಸು ನೀರೂ ನಮ್ಮಲ್ಲಿ ಬೆರೆಯುವುದರಿಂದ, ಬಿಲ್ಲೆ ಕೂರುವ ಅಂಚಿನಲ್ಲಿ ಸುಣ್ಣ ಕಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ಉಜ್ಜಿ, ಹೊಸ ರಬ್ಬರ್ ಬಿಲ್ಲೆ ಕೂರಿಸಿದೆ. ಅದರ ಬೆಲೆ ನೂರು ರೂಪಾಯಿಗೂ ಕಡಿಮೆ. ಮತ್ತೆ ಗೆರೆ ಎಳೆದು ಒಂದು ಗಂಟೆ ಕಾದೆ. ನೀರು ಗೆರೆಯಲ್ಲೇ ನಿಂತಿತ್ತು.

ಆ ತಾಯಿಯನ್ನು ಕರೆದು, ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದೆ. ಅವರು ಕಿವಿಗೊಟ್ಟು ಕೇಳಿ, ‘ಸರಿಯಾಯಿತು, ಫಾದರ್’ ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ‘ಮೇಲಿನ ಮಹಡಿಯದೂ ಹಾಗೇ ಇದೆ’ ಎಂದರು. ಅದು ನನ್ನ ಕೋಣೆಗೆ ಹೊಂದಿಕೊಂಡಿರುವ ಶೌಚಾಲಯ. ಪೆನ್ಸಿಲು ಹಿಡಿದು ಮೆಟ್ಟಿಲು ಹತ್ತಿದೆ.