ದಣಿವೆಂಬ ಮಾತು

ನಮ್ಮ ಅಕ್ಕನ ಮಗಳು ಪೈಲಟ್ ಆಗಿರುವುದು ನಮ್ಮ ಬೀದಿಗೇ ಹೆಮ್ಮೆ. ಎಲ್ಲರ ಕಣ್ಣಿಗೆ ಬೀಳುವುದು ಅವಳ ಬಿಳಿ ಅಂಗಿ, ಭುಜದ ಮೇಲಿನ ಪಟ್ಟಿ. ಕಳೆದ ವರ್ಷ ಬೆಂಗಳೂರಿನ ಅವಳ ಮನೆಯಲ್ಲಿ ಹದಿನೈದು ದಿನ ಇದ್ದಾಗ ನಾನು ಕಂಡದ್ದೇ ಬೇರೆ. ರಾತ್ರಿ ಎರಡಕ್ಕೆ ಅಲಾರಾಂ, ಮೂರಕ್ಕೆ ಬಾಗಿಲಲ್ಲಿ ಕಾರು. ಹೊರಡುವ ಮುನ್ನ ಕುಡಿದಿಲ್ಲವೆಂದು ಯಂತ್ರಕ್ಕೆ ಉಸಿರೂದಿ ತೋರಿಸಬೇಕು, ಹವಾಮಾನ ನೋಡಬೇಕು, ಇಂಧನದ ಲೆಕ್ಕ ಮುಗಿಸಬೇಕು. ದಿನಕ್ಕೆ ಮೂರು ಊರು ಮುಟ್ಟಿದರೂ ಒಂದನ್ನೂ ನೋಡಿದ್ದಿಲ್ಲ. ಮಟಮಟ ಮಧ್ಯಾಹ್ನ ಬಂದು ಪರದೆ ಎಳೆದು ಮಲಗಿದರೆ ಹೊರಗೆ ಕುಕ್ಕರಿನ ಸೀಟಿ, ತರಕಾರಿಯವನ ಕೂಗು.

ಒಂದು ಸಂಜೆ ಅವಳು ಆಫೀಸಿಗೆ ಫೋನು ಮಾಡಿ, "ನಿದ್ದೆಯಾಗಿಲ್ಲ, ದಣಿದಿದ್ದೇನೆ. ಈ ರಾತ್ರಿ ವಿಮಾನ ಓಡಿಸಲಾರೆ" ಎಂದಳು. ನನಗೆ ಎದೆ ಧಸಕ್ಕೆಂದಿತು. ಕೈತುಂಬ ಸಂಬಳ ಪಡೆಯುವವಳು ಹೀಗೆನ್ನಬಹುದೇ?

"ಜ್ವರ ಅಂತಾದರೂ ಹೇಳಬಾರದಿತ್ತೇನೇ?" ಎಂದೆ.

"ಜ್ವರ ಅಂದರೆ ಯಾರೂ ಏನೂ ಕೇಳಲ್ಲ ಚಿಕ್ಕಮ್ಮ. ಆದರೆ ನಿದ್ದೆಗೆ ಜಾಗವೇ ಇಲ್ಲದ ಆ ಡ್ಯೂಟಿ ಪಟ್ಟಿ ಹಾಗೇ ಉಳಿಯುತ್ತೆ. ನಾಳೆ ಇನ್ನೊಬ್ಬರು ಅದೇ ಕಣ್ಣಲ್ಲಿ ಹೋಗ್ತಾರೆ."

"ಈಗ ನಿನ್ನ ಬದಲು ಯಾರನ್ನೋ ಕರೆಸುತ್ತಾರಲ್ಲ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೌದು, ಅದು ಚುಚ್ಚುತ್ತೆ. ಆದರೆ ಅವರು ಅದಕ್ಕೆಂದೇ ಮಲಗಿ ಎದ್ದು ಕಾದಿರ್ತಾರೆ. ನನ್ನ ಹಿಂದೆ ಕೂತ ನೂರೆಂಬತ್ತು ಜನ ನಾನು ಎಚ್ಚರವಾಗಿದ್ದೇನೆ ಅಂತಲೇ ನಂಬಿ ನಿದ್ದೆ ಹೋಗಿರ್ತಾರೆ."

ಮರುದಿನ ವಿವರಣೆ ಬರೆದುಕೊಡಲು ಕರೆ ಬಂತು. ಹೋಗಿ ಬರೆದುಕೊಟ್ಟಳು.

ನನಗೆ ಮಂಗಳೂರು ನೆನಪಾಯಿತು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು 8. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದರು, ಎದ್ದ ಮೇಲೂ ಆ ಮಂಪರು ಹರಿದಿರಲಿಲ್ಲವೆಂದು ತನಿಖೆ ಹೇಳಿತು. ಇಳಿಯಬೇಡಿ, ಮತ್ತೆ ಮೇಲೇರಿ ಎಂದು ಸಹಪೈಲಟ್ ಹೇಳಿದ್ದರಂತೆ. ಸತ್ತವರ ಮೇಲೆ ಕಲ್ಲೆಸೆಯುವ ಮನಸ್ಸು ನನಗಿಲ್ಲ. ನಿದ್ದೆ ಯಾರ ಅಪ್ಪಣೆಗೂ ಕಾಯುವುದಿಲ್ಲ ಎಂಬುದಷ್ಟೇ ನನ್ನ ಮಾತು. 2024ರ ಜನವರಿಯಲ್ಲಿ ನಮ್ಮ ವಿಮಾನಯಾನ ಇಲಾಖೆ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮ ಪ್ರಕಟಿಸಿತು. ಆದರೆ ನಿಯಮ ಎಷ್ಟೇ ಇರಲಿ, ತನ್ನ ಕಣ್ಣು ಎಳೆಯುತ್ತಿದೆ ಎಂದು ಬಲ್ಲವಳು ಅವಳೊಬ್ಬಳೇ, ಹೇಳಬೇಕಾದವಳೂ ಅವಳೇ.

ನಾವೋ, ದಣಿವನ್ನು ನುಂಗುವುದೇ ಪುಣ್ಯವೆಂದು ಬೆಳೆದವರು. ನಾನು ಮೂವತ್ತೈದು ವರ್ಷ ಆ ಮಾತನ್ನು ಬಾಯಿಗೆ ತಂದವಳಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾಗ, ನಿದ್ದೆಗೆಟ್ಟ ಮೂರನೆಯ ರಾತ್ರಿ, ಅವರಿಗೆ ಒಂದೇ ಮಾತ್ರೆಯನ್ನು ಎರಡು ಸಲ ಕೊಟ್ಟಿದ್ದೆ. ದೇವರ ದಯೆ, ಏನೂ ಆಗಲಿಲ್ಲ. ಯಾರಿಗೂ ಹೇಳಲಿಲ್ಲ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅಂದು ನಾದಿನಿಯನ್ನು ಕರೆದು "ನನ್ನಿಂದಾಗದು, ಈ ರಾತ್ರಿ ನೀನು ನೋಡಿಕೋ" ಎಂದಿದ್ದರೆ ನನ್ನ ಹೆಸರು ಕೆಡುತ್ತಿತ್ತು. ಅತ್ತೆಯ ಜೀವಕ್ಕಿಂತ ನನ್ನ ಹೆಸರೇ ನನಗೆ ದೊಡ್ಡದಾಗಿತ್ತೇ? ಇದಕ್ಕೆ ನಾನು ತ್ಯಾಗವೆಂಬ ಹೆಸರಿಟ್ಟಿದ್ದೆ.

ಊರಿಗೆ ಮರಳಿದ ದಿನ ಯಜಮಾನರು ಬಸ್‌ಸ್ಟ್ಯಾಂಡಿನಲ್ಲೇ "ರಾತ್ರಿಗೇನು ಅಡಿಗೆ?" ಎಂದರು. "ದಣಿದಿದ್ದೇನೆ" ಎಂದೆ.

ಅವರು ಗಾಬರಿಯಾಗಿ, ಜ್ವರವೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದರು.